ಬಾದಶಾಹನ ಅಂಗಿಗೆ ನಾಲ್ಕು ಚುಕ್ಕೆ

ಆ ಅಂಗಿ ಯಾರನ್ನೂ ಸುಡಲಿಲ್ಲ. ಸುಟ್ಟದ್ದು ಕಾಡುಗೇರಿನ ಎಣ್ಣೆ. ಹಾಕಿದವಳು ನಾನು. ಗುಲ್ವಾಡಿಯ ಹಳಬರಲ್ಲಿ ಕೆಲವರು ಇವತ್ತಿಗೂ ಬೇರೆ ಹೇಳುತ್ತಾರೆ. ಬಾದಶಾಹ ನ್ಯಾಯ ಕೊಟ್ಟ ಅನ್ನುತ್ತಾರೆ, ಸತ್ತವನು ಬಂದು ಕೈ ಹಿಡಿದ ಅನ್ನುತ್ತಾರೆ. ಅನ್ನಲಿ. ಆ ದಿನ ಕಾಯಿಗೆ ಸೂಜಿ ಚುಚ್ಚಿದವರು ಅವರಲ್ಲ.

ನನ್ನ ಮೊಮ್ಮಗಳು ಕೋಟೇಶ್ವರದಲ್ಲಿ ರಸ್ತೆ ಬದಿಗೆ ಲಾಂಡ್ರಿ ಇಟ್ಟಿದ್ದಾಳೆ. ಕೆಲಸಕ್ಕೆ ಇಬ್ಬರು ಹೆಂಗಸರನ್ನು ಸೇರಿಸಿಕೊಂಡಿದ್ದಾಳೆ. ಅವರಿಗೆ ಗೊತ್ತಿರಲಿ, ನಿನ್ನ ಕಾಲದ ಕೆಲಸ ಬರೆದು ಕೊಡು ಅಂದಳು. ನಾನು ಶಾಲೆ ಕಂಡದ್ದು ಎರಡನೇ ಕ್ಲಾಸಿನವರೆಗೆ. ಅಕ್ಷರ ಕೂಡಿಸಿ ಬರೆಯುತ್ತೇನೆ, ತಪ್ಪಿದ್ದನ್ನು ಅವಳು ತಿದ್ದುತ್ತಾಳೆ.

"ಎಂತ ಬರೂಕಿತ್ ಹೆಣೆ? ಒಗ್ದೆ, ಒಣ್ಸ್ದೆ, ಮಡ್ಚ್ದೆ. ಮುಗೀತ್" ಅಂದೆ.

"ಕೈ ಮೇಲಿಪ್ಪ ಚುಕ್ಕಿ ಕಥಿ ಬರಿ ಅಮ್ಮಮ್ಮ" ಅಂದಳು.

ನನ್ನ ಬಲ ಮಣಿಕಟ್ಟಿನ ಮೇಲೆ ಸಾಲಾಗಿ ನಾಲ್ಕು ಕಪ್ಪು ಕಲೆ ಇದೆ. ನೋಡಿದವರು ಹಚ್ಚೆ ಅಂದುಕೊಳ್ಳುತ್ತಾರೆ. ಹಚ್ಚೆ ಅಲ್ಲ.

ಕೆಲಸದ ವಿಷಯ ಮೊದಲು. ನಾನು ಮದುವೆಯಾಗಿ ಗುಲ್ವಾಡಿಗೆ ಬಂದಾಗ ಯುದ್ಧ ನಡೆಯುತ್ತಿತ್ತು. ನಮಗೆ ಯುದ್ಧ ಅಂದರೆ ಸೋಡ ಇಲ್ಲ, ಸಾಬೂನು ಇಲ್ಲ, ಹೊಸ ಬಟ್ಟೆಗೆ ಕಾರ್ಡು. ಜನ ಇದ್ದದ್ದನ್ನೇ ಒಗೆಸಿ ಒಗೆಸಿ ಉಡುತ್ತಿದ್ದರು. ಹರಿದರೆ ಬೈಗುಳ ಮಡಿವಾಳರಿಗೆ, ಅಂದರೆ ನಮಗೆ. ಅಂಟುವಾಳಕಾಯಿ ಕುದಿಸಿ, ಬೂದಿ ನೀರು ಬಸಿದು, ದೊಡ್ಡ ಹಂಡೆಯ ಆವಿಯಲ್ಲಿ ಬಟ್ಟೆ ಬೇಯಿಸುತ್ತಿದ್ದೆವು. ಅದಕ್ಕೆ ಉಬ್ಬೆ ಹಾಕುವುದು ಅನ್ನುತ್ತಾರೆ. ಹೊಳೆಯಲ್ಲಿ ಉಬ್ಬರ ಬಂದಾಗ ನೀರು ಉಪ್ಪು, ಅದರಲ್ಲಿ ಒಗೆದರೆ ಬಟ್ಟೆ ಅಂಟಂಟು. ಇಳಿತ ಕಾದು ಒಗೆಯಬೇಕು. ಈಗ ನೀವು ಯಂತ್ರದ ಬಾಗಿಲು ಮುಚ್ಚಿ ಗುಂಡಿ ಒತ್ತುತ್ತೀರಿ. ಒಳ್ಳೆಯದಾಯಿತು. ಹಳೆಯದೇ ಚಂದ ಅನ್ನುವವರು ನನ್ನ ಸೊಂಟವನ್ನು ಒಂದು ದಿನ ಇಟ್ಟುಕೊಂಡು ನೋಡಲಿ.

ನನ್ನ ಮೇಲಧಿಕಾರಿ ಅಂದರೆ ಅತ್ತೆ, ಅಕ್ಕಮ್ಮ. ಕುಳ್ಳಗಿದ್ದರು, ಧ್ವನಿ ಹೊಳೆಯ ಆಚೆ ದಡಕ್ಕೆ ಮುಟ್ಟುತ್ತಿತ್ತು. ಹೊಗಳುವುದು ಅಂತ ಒಂದಿದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಮೊದಲು ಕಲಿಸಿದ್ದು ಗುರುತು ಹಾಕಲು. ಒಂದೊಂದು ಮನೆಗೆ ಒಂದೊಂದು ಗುರುತು: ಅಡ್ಡ ಗೆರೆ, ಕತ್ತರಿ ಗೆರೆ, ಎರಡು ಚುಕ್ಕೆ, ಮೂರು ಚುಕ್ಕೆ. ಕಾಡುಗೇರಿನ ಕಾಯಿಗೆ ಸೂಜಿ ಚುಚ್ಚಿದರೆ ಕಪ್ಪು ಎಣ್ಣೆ ಬರುತ್ತದೆ. ಅದನ್ನು ಬಟ್ಟೆಯ ಒಳ ಅಂಚಿಗೆ ಇಡುವುದು, ಮೇಲಿಂದ ಸುಣ್ಣ ಒತ್ತುವುದು. ಸುಣ್ಣ ತಾಗಿದರೆ ಗುರುತು ಬಟ್ಟೆ ಹರಿಯುವ ತನಕ ಹೋಗುವುದಿಲ್ಲ. ಸುಣ್ಣ ತಾಗದಿದ್ದರೆ ಎಣ್ಣೆ ಹಸಿಯಾಗಿಯೇ ಇರುತ್ತದೆ, ಉಟ್ಟವರ ಮೈಗೆ ಹತ್ತುತ್ತದೆ. ಎರಡು ದಿನ ಸುಮ್ಮನಿರುತ್ತದೆ. ಆಮೇಲೆ ಕೆಂಪು, ತುರಿ, ಗುಳ್ಳೆ. ನಾವು ಕೈಗೆ ತೆಂಗಿನೆಣ್ಣೆ ಬಳಿದುಕೊಂಡೇ ಕೂರುತ್ತಿದ್ದೆವು.

ಅದು ನನಗೆ ಗೊತ್ತಾದದ್ದು ಒಬ್ಬ ಮೇಷ್ಟರ ಕುತ್ತಿಗೆಯಿಂದ. ಸುಣ್ಣ ಒತ್ತಲು ಮರೆತ ಅಂಗಿ ಹಾಕಿಕೊಂಡು ಎರಡು ದಿನ ಶಾಲೆಗೆ ಹೋದರು. ಮೂರನೇ ದಿನ ಕುತ್ತಿಗೆ ತೋರಿಸಲು ನಮ್ಮ ಅಂಗಳಕ್ಕೆ ಬಂದರು.

"ಗಿರ್ಜೆ, ನಾ ಬೆತ್ತದಂಗ್ ಮಕ್ಳಿಗ್ ಕೊಡುದನ್ನ ನೀ ನಂಗೇ ಕೊಟ್ಯಲೇ" ಅಂದರು. ಒಳ್ಳೆಯ ಮನುಷ್ಯ, ನಕ್ಕರು. ಅತ್ತೆ ನಗಲಿಲ್ಲ.

ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ಗುರುತು ಹಾಕಲು ಸೋಮಾರಿತನ ಮಾಡಿ ಮದುವೆ ಮನೆಯ ಪಂಚೆಯನ್ನೂ ಬೊಜ್ಜದ ಮನೆಯ ಪಂಚೆಯನ್ನೂ ಅದಲು ಬದಲು ಕೊಟ್ಟೆ. ಸತ್ತವರ ಪಂಚೆ ಉಟ್ಟು ಮದುಮಗ ಹಸೆಗೆ ಕೂತ. ಅಂಚಿನ ಹೊಲಿಗೆ ನೋಡಿ ಅವನ ತಾಯಿಗೆ ಗೊತ್ತಾಯಿತು. ಅವತ್ತು ಅತ್ತೆ ನನ್ನ ಕೆನ್ನೆಗೆ ಹೊಡೆದರು.

"ತಲಿ ಮರ್ತ್ರ್ ಮರೀಲಿ, ಕೈ ಮರೂಕಾಗ!" ಅಂದರು.

ಆಮೇಲೆ ನನ್ನ ಕೈ ಮರೆಯಲಿಲ್ಲ. ಅಂಚು ಬೆರಳಿಗೆ ಸಿಕ್ಕಿದರೆ ಸಾಕು, ಸೂಜಿ ತಾನಾಗಿ ಹೋಗುತ್ತಿತ್ತು. ಮುಂದೆ ಆದದ್ದಕ್ಕೆಲ್ಲ ಕಾರಣ ಅದು.

ಹೊಳೆ ದಂಡೆಯಲ್ಲಿ ಉಸ್ಮಾನ್ ಸಾಹೇಬರ ಮನೆ ಇತ್ತು. ತೆಂಗು, ದೋಣಿ, ಗದ್ದೆ ಎಲ್ಲ ಇದ್ದ ಮನೆ. ಅವರ ಮನೆಮಾತು ಬೇರೆ, ನಮ್ಮೆದುರು ನಮ್ಮ ಮಾತನ್ನೇ ಆಡುತ್ತಿದ್ದರು. ಅವರ ಮನೆಯ ಗುರುತು ಸಾಲಾಗಿ ನಾಲ್ಕು ಚುಕ್ಕೆ. ಸಾಹೇಬರ ಹಿರಿಯರು ಸಮುದ್ರದಾಚೆಯಿಂದ ಕುದುರೆ ತಂದು ಘಟ್ಟದ ಮೇಲಿನ ಒಬ್ಬ ಬಾದಶಾಹನಿಗೆ ಮಾರಿದವರಂತೆ. ಬಾದಶಾಹ ಮೆಚ್ಚಿ ತನ್ನ ಮೈಮೇಲಿದ್ದ ನಿಲುವಂಗಿಯನ್ನೇ ತೆಗೆದು ಹೊದೆಸಿದನಂತೆ. ಆ ಅಂಗಿ ಆ ಮನೆಯ ಒಳಕೋಣೆಯಲ್ಲಿತ್ತು. ಹೊಳೆಯ ಜನಕ್ಕೆ ಜಗಳ ಬಂದರೆ, ಯಾವ ಜಾತಿಯವರಾದರೂ ಅದರ ಮುಂದೆ ನಿಂತು ಹೇಳಬೇಕು. ಆ ಮನೆಯ ಯಜಮಾನಿಕೆ ಯಾರಿಗೆ ಬಂತೋ ಅವರು ಒಂದು ಸಲ ಅದನ್ನು ಹಾಕಿಕೊಳ್ಳಬೇಕು. ಮಸೀದಿಯ ಗುರುಗಳಿಗೆ ಇದು ಸೇರುತ್ತಿರಲಿಲ್ಲ. ದೇವರಿಗೆ ಹೆದರಿ, ಬಟ್ಟೆಗೆ ಹೆದರಬೇಡಿ ಅನ್ನುತ್ತಿದ್ದರು. ಜನ ಎರಡಕ್ಕೂ ಹೆದರುತ್ತಿದ್ದರು.

ಮಳೆಗಾಲ ಕಳೆದ ಮೇಲೆ ವರ್ಷಕ್ಕೊಮ್ಮೆ ಅದಕ್ಕೆ ಬಿಸಿಲು ತೋರಿಸಬೇಕು, ಇಲ್ಲದಿದ್ದರೆ ಬೂಸಲು ಹಿಡಿಯುತ್ತದೆ. ಆ ಕೆಲಸ ನಮ್ಮ ಮನೆಯ ಹೆಂಗಸರದ್ದು. ನಾನು ಬಂದ ವರ್ಷ ಅತ್ತೆ ನನ್ನನ್ನೂ ಕರೆದುಕೊಂಡು ಹೋದರು. ದಾರಿಯಲ್ಲೇ ಹೇಳಿದರು.

"ನೀರ್ ತಾಗ್ಸುಕಾಗ. ಮಡ್ಚುಕಾಗ, ಬಿದ್ರ್ ಕೋಲಿಗ್ ಸುತ್ತುದೇ. ಅದ್ರ್ ನೆಳ್ಳ್ ಮೆಟ್ಟುಕಾಗ. ಅದಕ್ಕ್ ಬೆನ್ನ್ ಹಾಕುಕಾಗ, ಹಿಂದ್ ಹಿಂದ್ ಬರ್ಕ್. ಅದ್ರೆದ್ರಿಗ್ ಬೇಡದ್ ಮಾತೂ ಆಡುಕಾಗ."

"ಮಾತಾಡ್ರೆ ಎಂತ ಆತ್ತ್?"

"ಕೇಂತ್ತ್."

ಬಟ್ಟೆಗೆ ಕಿವಿ ಕೇಳಿಸುತ್ತದೆಯೇ ಅಂತ ನಾನು ನಕ್ಕೆ. ಅತ್ತೆ ನಗಲಿಲ್ಲ ಅಂತ ಮತ್ತೆ ಬರೆಯುವುದು ಬೇಡ.

ಅಂಗಿ ಒಂದು ಕಾಲಕ್ಕೆ ಹಸಿರು ಇದ್ದಿರಬೇಕು. ನಾನು ನೋಡುವಾಗ ಕೆರೆಯ ಪಾಚಿಯ ಬಣ್ಣ. ಭಾರ ಎಷ್ಟೆಂದರೆ ಒದ್ದೆ ಕಂಬಳಿಯಷ್ಟು. ಬಲ ತೋಳಿನ ತುದಿಗೆ ಚಿನ್ನದ ದಾರದ ಪಟ್ಟಿ, ಅದರಲ್ಲಿ ಅವರ ಅಕ್ಷರ. ಸಾಹೇಬರು ಜಗಲಿಯಲ್ಲಿ ಕೂತು ಅದರ ವಿಷಯ ಹೇಳಿದರು. ಅವರ ಕಣ್ಣು ಆಗಲೇ ಮಂಜಾಗಿತ್ತು, ಪಟ್ಟಿಯನ್ನು ಬೆರಳಿನಿಂದ ಓದುತ್ತಿದ್ದರು.

"ಇದ್ ಬಾದಶಾನ್ ಹೆಸ್ರ್, ಗಿರ್ಜೆ. ಹೆಸ್ರ್ ಮೂರ್ ಕಡೆ ಇದ್ರೆ ಅವ ಬಾದಶಾ. ನಾಣ್ಯದ್ ಮೇಲೆ, ಮಸೀದಿಯಂಗ್ ಶುಕ್ರವಾರದ್ ಓದಂಗೆ, ಕೊಟ್ಟ್ ಅಂಗಿ ತೋಳಂಗೆ. ನಾಣ್ಯದ್ ಮೇಲೆ ಈಗ ಬಿಳಿಯವ್ರ್ ರಾಜನ್ ಮುಖ. ಓದಂಗೆ ಯಾರ್ ಹೆಸ್ರೂ ಇಲ್ಲೆ. ಅವ್ನ್ ರಾಜ್ಯ ಉಳ್ದದ್ದ್ ಇಷ್ಟೇ, ನಾಲ್ಕ್ ಬೆರಳ್ ಅಗ್ಲ."

"ಹಾಂಗಾರ್ ನಮ್ಮ್ ಗುರ್ತ್ ಇದ್ದಾಂಗೇ ಸಾಯ್ಬ್ರೆ" ಅಂದೆ. "ಯಾರ್ ಗುರ್ತ್ ಇತ್ತೋ ಬಟ್ಟಿ ಅವ್ರದ್ದ್."

ಅತ್ತೆ ನನ್ನ ತೊಡೆ ಚಿವುಟಿದರು. ಸಾಹೇಬರು ಮಾತ್ರ ತಲೆದೂಗಿದರು. "ಸಮ ಹೇಳ್ದೆ. ಹಾಕ್ಕಂಡವ ಬಾದಶಾನವ. ಅದಕ್ಕೇ ಇದಕ್ಕ್ ನಿಮ್ಮ್ ಗುರ್ತ್ ಹಾಕುಕಾಗ. ಒಂದ್ ಬಟ್ಟಿಗ್ ಎರಡ್ ಯಜಮಾನ್ರ್ ಆತಿಲ್ಲೆ."

ಆಮೇಲೆ ಅವರು ಹೇಳಿದ್ದು ನನಗೆ ಹಿಡಿಸಲಿಲ್ಲ. ಬಾದಶಾಹರ ಹತ್ತಿರ ಎರಡು ಬಗೆಯ ಅಂಗಿ ಇರುತ್ತಿತ್ತಂತೆ. ಒಂದು ಮೆಚ್ಚಿದವನಿಗೆ. ಇನ್ನೊಂದು ದ್ರೋಹ ಮಾಡಿದವನಿಗೆ, ಅದರ ಒಳಪದರಕ್ಕೆ ವಿಷ ಸವರಿರುತ್ತಿತ್ತು. ಎರಡೂ ನೋಡಲು ಒಂದೇ. ಕೊಟ್ಟಾಗ ಬಗ್ಗಿ ಸಲಾಮು ಮಾಡಿ ಹಾಕಿಕೊಳ್ಳಲೇಬೇಕು.

"ಇದ್ ಯಾವ್ದ್ ಸಾಯ್ಬ್ರೆ?"

"ಹಾಕ್ಕಂಡವನಿಗೇ ಗೊತ್ತಾಪ್ದ್."

ಮಾರನೇ ವರ್ಷ ಮಳೆಗಾಲದಲ್ಲಿ ಸಾಹೇಬರ ಒಬ್ಬನೇ ಮಗ ಯೂಸುಫ್ ಹೊಳೆಗೆ ಬಿದ್ದು ಸತ್ತ. ದೋಣಿಯಲ್ಲಿ ಇದ್ದದ್ದು ಇಬ್ಬರೇ, ಅವನು ಮತ್ತು ಸಾಹೇಬರ ತಮ್ಮನ ಮಗ ಇಸ್ಮಾಯಿಲ್. ಇಸ್ಮಾಯಿಲ್ ಈಜಿ ಬಂದ. ಯೂಸುಫ್‌ನ ಹೆಣ ಎರಡು ದಿನ ಬಿಟ್ಟು ಅಳಿವೆಯ ಹತ್ತಿರ ಸಿಕ್ಕಿತು. ಯೂಸುಫ್‌ನ ತಾಯಿ ಬೀಬಿಯಮ್ಮ ಅವತ್ತಿನಿಂದ ಇಸ್ಮಾಯಿಲ್‌ನ ಕೈಯಿಂದ ನೀರು ಕುಡಿಯಲಿಲ್ಲ. ಅವನೇ ನೂಕಿದ, ಯಜಮಾನಿಕೆ ಬೇಕಾಗಿ ನೂಕಿದ ಅಂದರು. ಇಸ್ಮಾಯಿಲ್ ಆ ಮನೆಯಲ್ಲೇ ಬೆಳೆದವನು, ಅವನ ತಂದೆ ತಾಯಿ ಮೊದಲೇ ತೀರಿದ್ದರು. ಅವನ ಹೆಂಡತಿ ಜುಲೇಖಾ ಶಿರೂರಿನವಳು, ಮಳೆಗಾಲ ಕಳೆಯುವಾಗ ಏಳು ತಿಂಗಳ ಬಸುರಿ.

ಸಾಹೇಬರಿಗೆ ಕಣ್ಣು ಪೂರಾ ಹೋಗುತ್ತಿತ್ತು. ಯಜಮಾನಿಕೆ ಇಸ್ಮಾಯಿಲ್‌ಗೆ ಕೊಡಬೇಕು ಅಂದರು. ಬೀಬಿಯಮ್ಮ ಒಂದೇ ಮಾತು ಹೇಳಿದರು.

"ಅಂಗಿ ಹಾಕ್ಲಿ. ಹಾಕ್ಕಂಡ್ ದೋಣಿಯಂಗ್ ಎಂತ ಆಯ್ತಂದ್ ಹೇಳ್ಲಿ. ಅಂಗಿ ಒಪ್ಪಿರೆ ನಾನೂ ಒಪ್ತೆ."

ಶುಕ್ರವಾರ ಅಂತ ಗೊತ್ತುಮಾಡಿದರು. ಮಂಗಳವಾರ ಅಂಗಿಗೆ ಬಿಸಿಲು ತೋರಿಸಬೇಕು. ಅತ್ತೆಗೆ ಜ್ವರ. ನಾನೊಬ್ಬಳೇ ಹೋದೆ.

ಹೊಳೆ ಕಡೆಯ ಮರಳಂಗಳದಲ್ಲಿ ಎರಡು ಕವೆಗೋಲು ನೆಟ್ಟು, ತೋಳಿನೊಳಗೆ ಬಿದಿರು ತೂರಿಸಿ ತೂಗುಹಾಕಿದೆ. ನೆರಳಿನ ಅಂಚಿನಿಂದ ಒಂದು ಮೊಳ ಬಿಟ್ಟು ಕೂತೆ. ಇಡೀ ದಿನದ ಕೆಲಸ ಅಂದರೆ ಅದೇ, ನೆರಳು ಸರಿದ ಹಾಗೆ ನಾವು ಸರಿಯುವುದು. ಮನೆಯವರೆಲ್ಲ ಒಳಗೆ, ಆ ದಿನ ಯಾರೂ ಆ ಕಡೆ ಬರುವುದಿಲ್ಲ. ಕಾಗೆಯೂ ಇರಲಿಲ್ಲ. ಮರಳಿನ ಮೇಲೆ ಆ ನೆರಳು ಮನುಷ್ಯನದೇ. ಹೆಗಲಿತ್ತು, ಚಾಚಿದ ಎರಡು ಕೈ ಇತ್ತು. ತಲೆ ಇರಲಿಲ್ಲ, ಅಷ್ಟೇ. ಬಾದಶಾಹ ಅಂದರೆ ದೇವರ ನೆರಳು ಅಂತ ಸಾಹೇಬರು ಹೇಳಿದ್ದು ನೆನಪಾಯಿತು. ಹಾಗಾದರೆ ಇದು ನೆರಳಿನ ನೆರಳು ಅಂದುಕೊಂಡೆ. ಮಧ್ಯಾಹ್ನ ಅದು ಕುಗ್ಗಿ ಕುಗ್ಗಿ ಅಂಗಿಯ ಬುಡಕ್ಕೆ ಬಂತು. ಯಾರೋ ನಿಂತು ಸಾಕಾಗಿ ಕುಕ್ಕರಗಾಲಿನಲ್ಲಿ ಕೂತ ಹಾಗೆ.

ಸುಮ್ಮನೆ ಕೂರಲು ನನಗೆ ಬರುವುದಿಲ್ಲ. ಆ ಮನೆಯದೇ ಒಂದು ಗಂಟು ಹೊಸ ಬಟ್ಟೆ ಗುರುತು ಹಾಕಲು ಬಂದಿತ್ತು. ಕಾಯಿ, ಸೂಜಿ, ಸುಣ್ಣದ ಡಬ್ಬಿ ಇಟ್ಟುಕೊಂಡು ಶುರುಮಾಡಿದೆ. ಅಂಚು ಹಿಡಿ, ನಾಲ್ಕು ಚುಕ್ಕೆ, ಸುಣ್ಣ. ಅಂಚು ಹಿಡಿ, ನಾಲ್ಕು ಚುಕ್ಕೆ, ಸುಣ್ಣ. ಗಂಟು ಮುಗಿಯಿತು. ಬಿಸಿಲು ಓರೆಯಾಯಿತು, ಅಂಗಿ ಇಳಿಸುವ ಹೊತ್ತು. ಎದ್ದು, ಬೂಸಲು ಉಳಿದಿದೆಯಾ ನೋಡಲು ಅಂಗಿಯ ಕೆಳ ಅಂಚನ್ನು ತಿರುಗಿಸಿ ಹಿಡಿದೆ.

ಅಂಚು ಬೆರಳಿಗೆ ಸಿಕ್ಕಿತು. ಸೂಜಿ ಹೋಯಿತು. ನಾಲ್ಕನೇ ಚುಕ್ಕೆ ಇಟ್ಟ ಮೇಲೆ ನಾನು ಏನು ಹಿಡಿದಿದ್ದೇನೆ ಅಂತ ತಿಳಿಯಿತು.

ಸುಣ್ಣ ಒತ್ತಿದರೆ ಗುರುತು ನಿಂತುಬಿಡುತ್ತದೆ. ಒತ್ತಲಿಲ್ಲ. ಸೆರಗಿನಿಂದ ಉಜ್ಜಿದೆ, ಹೋಗಲಿಲ್ಲ. ಕೆಳ ಅಂಚು, ಯಾರ ಮೈಗೂ ತಾಗುವುದಿಲ್ಲ ಅಂದುಕೊಂಡೆ. ತಲೆ ತಗ್ಗಿಸಿ ನೋಡುತ್ತೇನೆ, ನಾನು ನೆರಳಿನ ಒಳಗೆ ನಿಂತಿದ್ದೇನೆ. ಅದರ ಎರಡು ಕೈ ನನ್ನ ಎರಡೂ ಪಕ್ಕದಲ್ಲಿ ಮರಳಿನ ಮೇಲೆ ಚಾಚಿತ್ತು. ಸೂರ್ಯ ಸರಿದಿದ್ದ, ಬೇರೇನಲ್ಲ. ಆದರೂ ಹಾರಿ ಆಚೆಗೆ ನಿಂತೆ. ಬಿದಿರಿಗೆ ಸುತ್ತಿದೆ, ಒಳಗೆ ಕೊಟ್ಟೆ, ಹಿಂದೆ ಹಿಂದೆ ನಡೆದು ಬಂದೆ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಆ ಮನೆಯ ಕೆಲಸ ಹೋಗುತ್ತಿತ್ತು, ಆ ಮನೆಯ ಮುಖ ನೋಡಿ ನಮ್ಮನ್ನು ಕರೆಯುವ ಹತ್ತು ಮನೆಯೂ ಹೋಗುತ್ತಿತ್ತು.

ಅತ್ತೆಗೆ ಮಾತ್ರ ಹೇಳಿದೆ. ಅವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು, ತಿರುಗಲಿಲ್ಲ.

"ನಾನೂ ಹಾಕಿದ್ದೆ" ಅಂದರು. "ಮದಿ ಆಯ್ ಬಂದ್ ಮೊದಲ್ನೇ ವರ್ಷ. ಅದೇ ಅಂಚಿಗ್. ಸುಣ್ಣವೂ ಒತ್ತಿದ್ದೆ. ನೀ ಕಂಡ್ಯಾ ಅಲ್ಲ್ ನನ್ ಚುಕ್ಕಿ?"

"ಇಲ್ಲೆ."

"ಮುಂದಿನ್ ವರ್ಷ ನಾನೂ ಕಾಣ್ಲಿಲ್ಲ. ಬಾಯ್ ಮುಚ್ಕ."

ಕಾಡುಗೇರಿನ ಗುರುತು, ಸುಣ್ಣ ಒತ್ತಿದ್ದು, ನೀರು ಕಾಣದ ಬಟ್ಟೆಯಿಂದ ಹೇಗೆ ಹೋಗುತ್ತದೆ? ಈ ಕೆಲಸದಲ್ಲಿ ನನಗೆ ಅರ್ಥವಾಗದೆ ಉಳಿದದ್ದು ಅದೊಂದೇ. ಅತ್ತೆಗೆ ಜ್ವರ ಇತ್ತು ಅಂತ ಅಂದುಕೊಳ್ಳಿ ಬೇಕಾದರೆ. ಅವರು ಜ್ವರದಲ್ಲೂ ಸುಳ್ಳು ಹೇಳುವವರಲ್ಲ.

ಶುಕ್ರವಾರ ನಮಾಜು ಮುಗಿದ ಮೇಲೆ ಜಗಲಿಯಲ್ಲಿ ಊರವರು ಕೂತರು. ಬಿದಿರಿನ ಒಂದು ತುದಿ ಹಿಡಿಯುವುದು ನಮ್ಮ ಮನೆಯ ಹಕ್ಕು, ಹಾಗಾಗಿ ನಾನು ಅಲ್ಲೇ ಇದ್ದೆ. ಸಾಹೇಬರು ಅಂಗಿ ಬಿಚ್ಚಿ ಇಸ್ಮಾಯಿಲ್‌ನ ಹೆಗಲಿಗೆ ಹಾಕಿದರು. ಅವನು ಸಣಕಲು ಮನುಷ್ಯ. ಅಂಗಿ ಹಾಕಿದ ಕೂಡಲೇ ಹೆಗಲು ಅಗಲವಾಗಿ ಕಂಡಿತು, ಮುಖ ಮಾತ್ರ ಅವನದೇ. ಮಾತಾಡುತ್ತಿದ್ದ ಜನ ಬಾಯಿ ಮುಚ್ಚಿದರು. ಎದ್ದು ಹೋಗಬೇಕಾದವರು ಬೆನ್ನು ಹಾಕದೆ ಹಿಂದೆ ಸರಿದರು. ನಿನ್ನೆ ತನಕ ಅವನನ್ನು "ಹ್ವಾಯ್" ಅಂತ ಕರೆಯುತ್ತಿದ್ದವರು.

"ಹೇಳ್" ಅಂದರು ಬೀಬಿಯಮ್ಮ, ಬಾಗಿಲ ಪರದೆಯ ಆಚೆಯಿಂದ.

"ಸುಳಿಗ್ ಸಿಕ್ಕಿ ದೋಣಿ ಮಗ್ಚ್ತ್, ದೊಡ್ಡಮ್ಮ. ನಾ ಹುಟ್ಟ್ ಹಿಡ್ಕಂಡಿದ್ದೆ. ಅವ ನನ್ ಬಲ್ಗೈ ಹಿಡ್ದ, ಇಲ್ಲಿ." ಅವನು ಮಣಿಕಟ್ಟು ಮುಟ್ಟಿ ತೋರಿಸಿದ, ಚಿನ್ನದ ಪಟ್ಟಿಯ ಮೇಲೆ. "ಗಟ್ಟಿ ಹಿಡ್ದ. ಮತ್ತೆ ಜಾರಿ ಹೋಯ್ತ್."

"ಜಾರ್ತಾ, ನೀ ಬಿಡ್ಸ್ಕಂಡ್ಯಾ?"

ಅವನು ಪಟ್ಟಿಯ ಮೇಲಿಂದ ಬೆರಳು ತೆಗೆದ. "ಜಾರ್ತ್" ಅಂದ.

ಅಂಗಿ ತೆಗೆದರು. ಏನೂ ಆಗಲಿಲ್ಲ. ಶರಬತ್ತು ಕೊಟ್ಟರು, ಜನ ಕುಡಿದು ಹೋದರು.

ಭಾನುವಾರ ಇಸ್ಮಾಯಿಲ್‌ಗೆ ಗುಳ್ಳೆ ಎದ್ದಿತು. ಬಲ ಮಣಿಕಟ್ಟಿನ ಮೇಲೆ, ಸಾಲಾಗಿ ನಾಲ್ಕು. ಮೈಯಲ್ಲಿ ಬೇರೆಲ್ಲೂ ಇಲ್ಲ.

ಬೀಬಿಯಮ್ಮ ಅವನ ಕೈ ಹಿಡಿದೆಳೆದು ಆ ನಾಲ್ಕು ಗುಳ್ಳೆಯ ಮೇಲೆ ತಮ್ಮ ನಾಲ್ಕು ಬೆರಳು ಇಟ್ಟು ನೋಡಿದರಂತೆ. ಸರಿ ಕೂತಿತಂತೆ. "ಇದ್ ನನ್ ಮಗನ್ ಬೆರಳ್" ಅಂತ ಅವರು ಕೂಗಿದ್ದು ನಮಗೆ ಒಗೆಯುವ ಕಲ್ಲಿನ ಹತ್ತಿರ ಕೇಳಿಸಿತು.

ಸೋಮವಾರ ಮತ್ತೆ ಜಗಲಿಯಲ್ಲಿ ಜನ. ಬಾದಶಾಹ ತೀರ್ಪು ಕೊಟ್ಟಾಯಿತು, ಇನ್ನು ಮಾತಾಡುವುದಕ್ಕೆ ಏನಿದೆ ಅನ್ನುವ ಹಾಗೆ ಕೂತಿದ್ದರು. ಇಸ್ಮಾಯಿಲ್ ಮನೆ ಬಿಡಬೇಕು. ಹೊಳೆಯ ಎರಡು ದಡದಲ್ಲೂ ಯಾರೂ ಅವನಿಗೆ ಕೆಲಸ ಕೊಡಬಾರದು, ಅವನ ದೋಣಿ ಹತ್ತಬಾರದು. ಜುಲೇಖಾ ಶಿರೂರಿಗೆ ಹೋಗಬೇಕು, ಹುಟ್ಟುವ ಮಗು ಈ ಮನೆಯದಲ್ಲ. ಇಸ್ಮಾಯಿಲ್ ತಲೆ ತಗ್ಗಿಸಿ ನಿಂತಿದ್ದ. ಅವನ ಮುಖ ನೋಡಿದರೆ, ನಾನೇ ನೂಕಿದೆನೋ ಏನೋ ಅಂತ ಅವನಿಗೇ ಅನ್ನಿಸಲು ಶುರುವಾದ ಹಾಗಿತ್ತು.

ನಾನು ಒಗೆದ ಬಟ್ಟೆಯ ಗಂಟು ಕೆಳಗಿಟ್ಟೆ.

"ಸಾಯ್ಬ್ರೆ, ಅದ್ ಅಂಗಿ ಸುಟ್ಟದ್ದಲ್ಲ. ಕಾಡ್‌ಗೇರ್ ಹತ್ತಿದ್ದ್. ಬಿಸ್ಲಿಗ್ ಹಾಕ್ದ್ ದಿನ ಕೈ ತಪ್ಪಿ ಗುರ್ತ್ ಹಾಕ್ದೆ. ಅಂಚಂಗೆ ನಾಲ್ಕ್ ಚುಕ್ಕಿ ಇತ್ತ್, ಕಾಣಿ. ಸುಣ್ಣ ಒತ್ಲಿಲ್ಲ. ಬಿದ್ರಿಗ್ ಸುತ್ತುವತಿಗೆ ಅಂಚ್ ಹೋಯ್ ತೋಳಿಗ್ ತಾಗಿತ್ತ್, ಹಸಿ ಎಣ್ಣಿ ಅಲ್ಲಿಗ್ ಇಳ್ದಿತ್ತ್."

ಬಾದಶಾಹನ ಅಂಗಿಗೆ ಮಡಿವಾಳರ ಗುರುತು.

ಸಾಹೇಬರು ಅಂಗಿ ತರಿಸಿದರು. ಜಗಲಿಯಲ್ಲಿ ಬಿಚ್ಚಿದರು. ನಾನೇ ಅಂಚು ತಿರುಗಿಸಿ ಹಿಡಿದೆ.

ಅಂಚಿನಲ್ಲಿ ಏನೂ ಇರಲಿಲ್ಲ.

ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ತೋಳಿನ ಒಳಪದರ ನೋಡಿದೆ. ಒಂದು ಚುಕ್ಕೆಯಿಲ್ಲ. ಸಾಹೇಬರು ಬೆರಳಿನಿಂದ ತಡವಿದರು, ಮೂಗಿಗೆ ಹಿಡಿದು ಮೂಸಿದರು.

"ಎಂತದೂ ಇ‌ಲ್ಲೆ, ಗಿರ್ಜೆ" ಅಂದರು. ಬೇಸರದಲ್ಲೇ ಅಂದರು.

ಪರದೆ ಸರಿಸಿ ಬೀಬಿಯಮ್ಮ ಹೊರಗೆ ಬಂದರು. ಅಷ್ಟು ಜನರ ಎದುರಿಗೆ ಅವರು ಬಂದದ್ದು ಅದೇ ಮೊದಲು. "ಎಲ್ಲಿತ್ತೇ ನಿನ್ ಚುಕ್ಕಿ? ಜುಲೇಖಾ ಅತ್ಕಂಡ್ ನಿನ್ ಹತ್ರ ಬಂದಿದ್ಳಾ? ನನ್ ಮಗ ಸತ್ತದ್ದ್ ನಿಮ್ಗೆಲ್ಲ ಆಟವಾ?"

ಹಿಂದಿನಿಂದ ಯಾರೋ ಅಂದರು, "ಬಾದಶಾನ ಯಜಮಾಂತಿ ಬಂದ್ಳ್ ಮರಾಯ್ರೆ, ಜಾಗ ಬಿಡಿ!" ಜನ ನಕ್ಕರು. ನನ್ನ ಗಂಟನ್ನು ಯಾರೋ ಕಾಲಿನಿಂದ ಅಂಗಳಕ್ಕೆ ತಳ್ಳಿದರು. ಬೆಳಿಗ್ಗೆ ಜುಲೇಖಾಳನ್ನು ದೋಣಿ ಹತ್ತಿಸುವುದು ಅಂತ ತೀರ್ಮಾನವಾಯಿತು.

ಮನೆಗೆ ಬಂದೆ. ಅತ್ತೆ ಎದ್ದು ಕೂತಿದ್ದರು. ಸುದ್ದಿ ನನಗಿಂತ ಮೊದಲು ಬಂದಿತ್ತು.

"ಬಾಯ್ ಮುಚ್ಕ ಅಂದಿದ್ದೆ."

"ಅತ್ತೆ, ನೀವ್ ಹಾಕ್ದ್ ವರ್ಷ ಅಂಗಿ ಯಾರನ್ನಾರೂ ಸುಟ್ಟಿತ್ತಾ?"

"ಆ ವರ್ಷ ಯಾರೂ ಹಾಕ್ಕಣ್ಲಿಲ್ಲ." ಗಂಜಿ ಬಟ್ಟಲು ನನ್ನ ಕಡೆ ನೂಕಿದರು. "ಅವ ಕೈ ಬಿಡ್ಸ್ಕಂಡಿದ್ರೆ ಎಂತ ಮಾಡ್ತೆ? ನೀ ಕಂಡಿದ್ಯಾ?"

"ನಾ ದೋಣಿಯಂಗಿರ್ಲಿಲ್ಲ. ಅದ್ ನಂಗ್ ಗೊತ್ತಿಲ್ಲೆ. ಕಾಡ್‌ಗೇರ್ ಗೊತ್ತಿತ್ತ್."

ಅತ್ತೆ ನನ್ನ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಹಾಕಿದರು. ಅದು ಅವರ ಹೊಗಳಿಕೆ ಅಂತ ಈಗ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ.

ಮಾರನೇ ದಿನ ಬೆಳಿಗ್ಗೆ ಕಾಯಿ, ಸೂಜಿ, ಸುಣ್ಣದ ಡಬ್ಬಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದೆ. ತೆಂಗಿನೆಣ್ಣೆ ಹಚ್ಚಿಕೊಳ್ಳಲಿಲ್ಲ. ಕೈಗೆ ಬೂದಿ ಹಾಕಿ ತಿಕ್ಕಿ, ಇದ್ದ ಎಣ್ಣೆಯನ್ನೂ ತೊಳೆದುಕೊಂಡೆ. ಜಗಲಿಯ ಮೆಟ್ಟಿಲ ಮೇಲೆ ಜುಲೇಖಾಳ ತಗಡಿನ ಪೆಟ್ಟಿಗೆ ಇತ್ತು. ಅವಳು ಅದರ ಪಕ್ಕ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು, ಇಸ್ಮಾಯಿಲ್ ಅಂಗಳದಲ್ಲಿದ್ದ. ಕೆಳಗೆ ದೋಣಿ ಕಾಯುತ್ತಿತ್ತು. ನಾನು ಹೋಗಿ ಆ ಪೆಟ್ಟಿಗೆಯ ಮೇಲೆ ಕೂತೆ.

"ಏಳೇ" ಅಂದರು ಬೀಬಿಯಮ್ಮ.

ಏಳಲಿಲ್ಲ. ಬಲಗೈ ಮುಂದೆ ಚಾಚಿ, ಅವರು ನೋಡುವ ಹಾಗೆ, ಕಾಯಿಗೆ ಸೂಜಿ ಚುಚ್ಚಿ ಮಣಿಕಟ್ಟಿನ ಮೇಲೆ ಇಟ್ಟೆ. ಒಂದು. ಎರಡು. ಮೂರು. ನಾಲ್ಕು.

"ಅಮ್ಮ, ಗುರುವಾರದ್ ತನ್ಕ ಕಾಣಿ. ಇಸ್ಮಾಯಿಲ್ ಕೈಯಂಗ್ ಎದ್ದದ್ದ್ ನನ್ ಕೈಯಂಗೂ ಎದ್ರೆ ಅದ್ ಯೂಸುಫ್‌ನ್ ಬೆರಳಲ್ಲ. ನನ್ ಕೈ ಅವ ಹಿಡೀಲಿಲ್ಲ ಅಲ್ದಾ. ಏಳ್ದಿದ್ರೆ ನಾನೂ ಇದೇ ದೋಣಿ ಹತ್ತಿ ಹೋತೆ, ಮತ್ತೆ ನಿಮ್ಮ್ ಕಣ್ಣಿಗ್ ಬೀಳ್ತಿಲ್ಲೆ."

ಬೀಬಿಯಮ್ಮ ನನ್ನ ಕೈಯನ್ನೇ ನೋಡುತ್ತ ನಿಂತರು. ಕಪ್ಪು ಎಣ್ಣೆ ಚರ್ಮದ ಮೇಲೆ ಹೊಳೆಯುತ್ತಿತ್ತು. ಒಳಗಿನಿಂದ ಸಾಹೇಬರ ಕೋಲಿನ ಸದ್ದು ಬಾಗಿಲ ತನಕ ಬಂದು ನಿಂತಿತು.

"ಸುಣ್ಣ ಒತ್ತ್ ಹೆಣೆ" ಅಂದರು ಬೀಬಿಯಮ್ಮ. ಧ್ವನಿ ಸಣ್ಣದಾಗಿತ್ತು. "ಸುಡ್ತ್ ಅದ್."

"ಸುಡ್ಲಿ. ಇವತ್ತ್ ಮಂಗ್ಳಾರ, ನಿಮ್ಮ್ ಮನೆ ಬಟ್ಟಿ ದಿನ. ಇಳ್ತ ಮುಗ್ದ್ರೆ ಉಪ್ಪ್ ನೀರ್ ಬತ್ತ್."

ಎದ್ದು ಪೆಟ್ಟಿಗೆಯ ಮುಚ್ಚಳ ತೆಗೆದೆ. ಬೀಬಿಯಮ್ಮ ತಡೆಯಲಿಲ್ಲ. ಜುಲೇಖಾಳ ಸೀರೆ, ಇಸ್ಮಾಯಿಲ್‌ನ ಎರಡು ಅಂಗಿ, ಹುಟ್ಟಲಿರುವ ಮಗುವಿಗೆ ಹಳೆಯ ಲುಂಗಿ ಹರಿದು ಹೊಲಿದಿಟ್ಟ ಚಿಂದಿಗಳು, ಎಲ್ಲವನ್ನೂ ಹೊರಗೆ ಹಾಕಿದೆ. ಚಿಂದಿಗಳಿಗೆ ಇನ್ನೂ ಗುರುತು ಇರಲಿಲ್ಲ. ಮೆಟ್ಟಿಲ ಮೇಲೆ ಕೂತು ಒಂದೊಂದಕ್ಕೂ ಆ ಮನೆಯ ನಾಲ್ಕು ಚುಕ್ಕೆ ಇಟ್ಟು, ಸುಣ್ಣ ಒತ್ತಿ, ಗಂಟು ಕಟ್ಟಿಕೊಂಡು ಹೊಳೆಗೆ ಇಳಿದೆ.